ಬ್ರೇಕಿನ ತಟ್ಟೆಗೆ ಕೊಬ್ಬರಿ ಎಣ್ಣೆ

ಸೈಕಲ್ಲಿನ ವಿಷಯದಲ್ಲಿ ತನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಚಿಕ್ಕಗಂಗಮ್ಮ ಆ ಭಾನುವಾರ ಬೆಳಿಗ್ಗೆ ಎಂಟೂಕಾಲಿನವರೆಗೂ ನಂಬಿದ್ದಳು. ನಂಬದೆ ಇನ್ನೇನು? ಮೂಡಲಪಾಳ್ಯದಲ್ಲಿ ಮನೆಯ ಮುಂದಿನ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ ಬಾಡಿಗೆ ಸೈಕಲ್ಲಿನ ಅಂಗಡಿ ನಡೆಸಿದವಳು ಅವಳು. ಗಂಡ ಬಸ್ಸಿನ ಡ್ಯೂಟಿಗೆ ಹೋದರೆ ಅಂಗಡಿಯೆಲ್ಲ ಇವಳದೇ ಕಾರುಬಾರು. ಪಂಕ್ಚರ್ ಹಾಕುವುದು, ಚೈನು ಬಿಗಿ ಮಾಡುವುದು, ಅಡ್ಡಾದಿಡ್ಡಿ ಓಡುವ ಚಕ್ರವನ್ನು ಒಂದೊಂದೇ ಕಡ್ಡಿ ತಿರುವಿ ನೆಟ್ಟಗೆ ಮಾಡುವುದು, ಎಲ್ಲವೂ ಅವಳ ಬೆರಳಿಗೆ ಗೊತ್ತು. ಈಗ ಶೆಡ್ಡಿನ ಜಾಗದಲ್ಲಿ ಮೂರಂತಸ್ತಿನ ಕಟ್ಟಡವಿದೆ, ಮೇಲಿನ ಮನೆಗಳಲ್ಲಿ ಬಾಡಿಗೆಯವರಿದ್ದಾರೆ. ಗಂಡ ತೀರಿಕೊಂಡು ಆರು ವರ್ಷವಾಯಿತು. ಆದರೂ ರಸ್ತೆಯಲ್ಲಿ ಯಾವ ಸೈಕಲ್ಲು ಕಿರುಗುಟ್ಟಿದರೂ ಚಿಕ್ಕಗಂಗಮ್ಮ ಬಾಗಿಲಿಗೆ ಬಂದು ನೋಡುತ್ತಾಳೆ.

ಮಗಳು ಅನುವಿಗೆ ಇಪ್ಪತ್ತೊಂದು. ಗುಡ್ಡದ ಮೇಲಿಂದ ಕಲ್ಲುಮಣ್ಣಿನ ದಾರಿಯಲ್ಲಿ ಇಳಿಸುವ ಮೌಂಟನ್ ಬೈಕು ಬೇಕೆಂದು ಒಂದು ವರ್ಷದಿಂದ ತಾಯಿಯ ಜೀವ ತಿಂದಿದ್ದಳು. ಇರುವುದು ಒಬ್ಬಳೇ ಮಗಳು. ಗುಡ್ಡ ಎಂದ ಕೂಡಲೇ ಚಿಕ್ಕಗಂಗಮ್ಮ ಮಾತು ಬದಲಾಯಿಸುತ್ತಿದ್ದಳು. ಕೊನೆಗೆ ಒಂದು ಷರತ್ತು ಹಾಕಿ ಒಪ್ಪಿದಳು. ಸೈಕಲ್ಲನ್ನು ತಾನೇ ನೋಡಿ, ತಟ್ಟಿ ಕುಟ್ಟಿ ಆರಿಸಬೇಕು. ತನ್ನ ಕೈಯಲ್ಲಿ ಪಾಸಾದ ಸೈಕಲ್ಲು ಮಗಳನ್ನು ಬೀಳಿಸುವುದಿಲ್ಲ ಎಂಬುದು ಅವಳ ಧೈರ್ಯ.

ಆ ಧೈರ್ಯದ ಅರ್ಧ ಶನಿವಾರವೇ ಕರಗಿತು. ವಿಜಯನಗರದಲ್ಲಿ ಮೋಹನ್ ಕುಮಾರ್ ಎಂಬವನ ಅಂಗಡಿ. ಮೂವತ್ತೈದರ ಆಸುಪಾಸಿನ, ನಗುಮುಖದ ಮನುಷ್ಯ. ಅವನು ಸ್ಟ್ಯಾಂಡಿನಿಂದ ಇಳಿಸಿ ನಿಲ್ಲಿಸಿದ ಸೈಕಲ್ಲಿನ ಮುಂದೆ ಚಿಕ್ಕಗಂಗಮ್ಮ ಕುಕ್ಕರಗಾಲಲ್ಲಿ ಕೂತು ಚಕ್ರ ತಿರುಗಿಸಿದಳು, ಕಣ್ಣು ಕಿರಿದು ಮಾಡಿ ನೋಡಿದಳು, ಕೈಯಾಡಿಸಿದಳು. ತನಗೆ ಗೊತ್ತಿರುವುದು ಒಂದೂ ಕೈಗೆ ಸಿಗಲಿಲ್ಲ.

"ಮುಂದಿನ ಚಕ್ರಕ್ಕೆ ನಟ್ಟೇ ಇಲ್ವಲ್ಲಪ್ಪಾ?"

"ನಟ್ಟೆಲ್ಲ ಯಾವಾಗ್ಲೋ ಹೋಯ್ತು ಆಂಟಿ. ಆಮೇಲೆ ಲಿವರ್ ಬಂತು, ಅದೂ ಹೋಯ್ತು. ಈಗ ದಪ್ಪ ರಾಡು. ಈ ಕಡೆಯಿಂದ ತೂರಿಸಿ ಆ ಕಡೆ ಬಿಗಿಯೋದು. ಅದ್ರಲ್ಲೂ ಅಗಲ ಎರಡು ಸಲ ಬದಲಾಯ್ತು. ಹಳೇ ಚಕ್ರ ತಂದ್ರೆ ಇದಕ್ಕೆ ಕೂರೋದೇ ಇಲ್ಲ."

"ಹಂಗಾದ್ರೆ ಇಪ್ಪತ್ತಾರು ಇಂಚಿನ ಟ್ಯೂಬು ಎರಡು ಕೊಡು, ಮನೇಲಿರ್ಲಿ."

"ಇಪ್ಪತ್ತಾರು ಈಗ ಯಾರ್ ಕೇಳ್ತಾರೆ ಆಂಟಿ? ಇದು ಇಪ್ಪತ್ತೊಂಬತ್ತು. ಟ್ಯೂಬೇ ಇಲ್ಲ ಇದಕ್ಕೆ. ಟೈರಿನೊಳಗೆ ಹಾಲಿನ ಥರ ಒಂದು ದ್ರವ ಇರುತ್ತೆ, ಮುಳ್ಳು ಚುಚ್ಚಿದ್ರೆ ತಾನೇ ಮುಚ್ಕೊಳ್ಳುತ್ತೆ."

ಅನು ತುಟಿ ಕಚ್ಚಿ ನಗು ತಡೆದುಕೊಂಡಳು. ಚಿಕ್ಕಗಂಗಮ್ಮ ಅದನ್ನು ನೋಡಿದಳು. "ಇನ್ನು ಮೂರು ವರ್ಷಕ್ಕೆ ಇದೂ ಹಳೇದಾಗಲ್ವಾ?" ಎಂದು ಕೊನೆಯ ಬಾಣ ಬಿಟ್ಟಳು. "ಆಗುತ್ತೆ ಆಂಟಿ, ನಾನ್ಯಾಕ್ ಸುಳ್ಳು ಹೇಳ್ಲಿ" ಎಂದುಬಿಟ್ಟ ಆ ಪುಣ್ಯಾತ್ಮ. ವಾದಕ್ಕೂ ಸಿಗದವನ ಜೊತೆ ಮಾತೇನು ಎಂದು ಅವಳು ಮುಖ ಊದಿಸಿಕೊಂಡು ಬಾಗಿಲಿಗೆ ಹೋಗಿ, ರಸ್ತೆಯ ಕಡೆ ತಿರುಗಿ ನಿಂತಳು.

ಹಾಗೆ ನಿಂತಿದ್ದರಿಂದಲೇ ಮೋಹನ್ ಕುಮಾರ್ ಆಮೇಲೆ ಅನುವಿಗೆ ಹೇಳಿದ ಎರಡು ಮಾತು ಅವಳ ಕಿವಿಗೆ ಬೀಳಲಿಲ್ಲ. ಚಕ್ರದ ನಡುವಿನ ಹೊಳೆಯುವ ಉಕ್ಕಿನ ತಟ್ಟೆಯನ್ನು ತೋರಿಸಿ ಅವನು ಹೇಳಿದ್ದು ಇಷ್ಟು: ಬ್ರೇಕು ಹಿಡಿಯುವುದು ರಿಮ್ಮನ್ನಲ್ಲ, ಈ ತಟ್ಟೆಯನ್ನು, ಇದಕ್ಕೆ ಬೆರಳಿನ ಜಿಡ್ಡು ಕೂಡ ತಾಗಬಾರದು. ಎರಡನೆಯದು, ಹೊಸ ಬ್ರೇಕು ಮೊದಮೊದಲು ಸರಿಯಾಗಿ ಹಿಡಿಯುವುದಿಲ್ಲ; ಇಪ್ಪತ್ತು ಮೂವತ್ತು ಸಲ ಹಾಕಿದ ಮೇಲೆ ತಾನೇ ಸೆಟ್ ಆಗುತ್ತದೆ, ಗಾಬರಿಯಾಗಬೇಡಿ.

ಭಾನುವಾರ ಆರು ಗಂಟೆಗೆ ಅನು ಸ್ನಾನಕ್ಕೆ ಹೋದಾಗ ಚಿಕ್ಕಗಂಗಮ್ಮ ಹೊಸ ಸೈಕಲ್ಲನ್ನು ಅಂಗಳಕ್ಕೆ ತಂದು ನಿಲ್ಲಿಸಿದಳು. ಹ್ಯಾಂಡಲಿಗೆ ಅರಿಸಿನ ಕುಂಕುಮ ಇಟ್ಟಳು, ಸೇವಂತಿಗೆ ಹೂವು ಸುತ್ತಿದಳು, ಎರಡು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಳು. ಆಮೇಲೆ ಒಳಗಿಂದ ಕೊಬ್ಬರಿ ಎಣ್ಣೆಯ ಬಾಟಲಿ, ಹಳೆಯ ಪಂಚೆಯ ತುಂಡು ತಂದಳು. ಅಂಗಡಿಯ ಕಾಲದಲ್ಲಿ ಅವಳದೊಂದು ಪದ್ಧತಿಯಿತ್ತು. ಯಾವ ಹೊಸ ಸೈಕಲ್ಲನ್ನೂ ಮೊದಲ ಬಾಡಿಗೆಗೆ ಕೊಡುವ ಮುಂಚೆ, ಎಲ್ಲೆಲ್ಲಿ ಬರಿ ಕಬ್ಬಿಣ ಹೊಳೆಯುತ್ತದೋ ಅಲ್ಲೆಲ್ಲ ತೆಳುವಾಗಿ ಎಣ್ಣೆ ಸವರಬೇಕು, ತುಕ್ಕು ಹತ್ತಬಾರದು. ಹತ್ತೊಂಬತ್ತು ವರ್ಷದಲ್ಲಿ ಅವಳ ಸೈಕಲ್ಲಿಗೆ ತುಕ್ಕು ಹತ್ತಿದ್ದನ್ನು ಮೂಡಲಪಾಳ್ಯದಲ್ಲಿ ಯಾರೂ ಕಂಡಿಲ್ಲ. ಈ ಸೈಕಲ್ಲಿನಲ್ಲಿ ಎಲ್ಲಕ್ಕೂ ಬಣ್ಣವೇ. ಬರಿ ಕಬ್ಬಿಣ ಹೊಳೆಯುತ್ತಿದ್ದದ್ದು ಎರಡು ತಟ್ಟೆಗಳಲ್ಲಿ. ಇಷ್ಟು ಒಳ್ಳೆಯ ಉಕ್ಕನ್ನು ಹೀಗೆ ಒಣಗಿಸಿ ಬಿಟ್ಟಿದ್ದಾನಲ್ಲ ಆ ಅಂಗಡಿಯವನು ಎಂದು ಬೈದುಕೊಂಡೇ, ಎರಡಕ್ಕೂ ಎರಡೂ ಕಡೆ ಮಿರಮಿರ ಅನ್ನುವಂತೆ ಸವರಿದಳು. ಮುಗಿಸಿ ಎದ್ದಾಗ ನಿನ್ನೆಯ ಅವಮಾನ ಅಷ್ಟೂ ಇಳಿದುಹೋಗಿತ್ತು.

ಆರತಿಯ ಹೊತ್ತಿಗೆ ಎರಡನೇ ಮಹಡಿಯಿಂದ ಶಿವಾನಿ ತನ್ನ ಹಳೆಯ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಇಳಿದಳು. ಗದಗದ ಕಡೆಯಿಂದ ನಾಲ್ಕು ವರ್ಷದ ಹಿಂದೆ ಬಂದು ಬಾಡಿಗೆಗಿರುವ ಶಾಂತವ್ವನ ಮಗಳು ಅವಳು. ಶಾಂತವ್ವ ವಿಜಯನಗರದ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಾಳೆ, ಮಗಳು ಪಾರ್ಸೆಲ್ ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ಅನುವಿಗೆ ಗುಡ್ಡದ ಹುಚ್ಚು ಹಿಡಿಸಿದವಳೇ ಈ ಶಿವಾನಿ. ಏಳು ಗಂಟೆಗೆ ಜೊತೆಗಾರರ ಪಿಕಪ್ ವ್ಯಾನು ಬಂತು. ಸೈಕಲ್ಲುಗಳನ್ನೆಲ್ಲ ಹಗ್ಗ ಹಾಕಿ ಕಟ್ಟಿದರು. "ರಾಮೋಹಳ್ಳಿ ಆಚೆ ಗುಡ್ಡ ಅಮ್ಮ. ಮೇಲಕ್ಕೆ ತಳ್ಕೊಂಡು ಹೋಗಿ, ಒಂಬತ್ತಕ್ಕೆ ಒಬ್ಬೊಬ್ರೇ ಇಳಿಯೋದು. ಹನ್ನೊಂದಕ್ಕೆಲ್ಲ ಮನೇಲಿರ್ತೀನಿ" ಎಂದಳು ಅನು. ಹೊಸ ಸೈಕಲ್ಲು ಅಂಗಳದಿಂದ ವ್ಯಾನಿನವರೆಗೆ ಹತ್ತು ಹೆಜ್ಜೆ ಉರುಳಿತ್ತು, ಅಷ್ಟೆ.

ಎಂಟೂಕಾಲಿಗೆ ಮೋಹನ್ ಕುಮಾರನ ಫೋನು ಬಂತು. "ಆಂಟಿ, ವಾರಂಟಿ ಕಾರ್ಡು ಇಲ್ಲೇ ಬಿಟ್ಟಿದೀರ. ನಾಳೆ ಯಾರಾದ್ರೂ ಬಂದು ತಗೊಳ್ಳಿ."

"ಬರ್ತೀನಪ್ಪಾ. ಅಂದಂಗೆ, ಆ ತಟ್ಟೆಗಳನ್ನ ಹಂಗೇ ಒಣಗಿಸಿ ಕೊಟ್ಟಿದ್ಯಲ್ಲ. ನಾನೇ ಬೆಳಿಗ್ಗೆ ಎಣ್ಣೆ ಹಚ್ಚಿ ಕಳಿಸಿದೆ ನೋಡು."

"ಯಾವ ತಟ್ಟೆ ಆಂಟಿ? ಚಕ್ರದ ಮಧ್ಯೆ ಇರೋದಾ? ಡಿಸ್ಕಿಗಾ?"

"ಹೂಂ ಕಣಪ್ಪಾ. ಎರಡಕ್ಕೂ."

"ಅಯ್ಯೋ ಆಂಟಿ, ಅದೇ ಬ್ರೇಕು. ಎಣ್ಣೆ ಬಿದ್ರೆ ಬ್ರೇಕೇ ಹಿಡಿಯಲ್ಲ. ಅನು ಎಲ್ಲಿ? ಸೈಕಲ್ ಮುಟ್ಬೇಡ ಅನ್ನಿ ಅವಳಿಗೆ!"

ಅವನ ದನಿಯಲ್ಲಿ ನಗು ಇರಲಿಲ್ಲ. "ಗುಡ್ಡಕ್ಕೆ ಹೋದ್ಲು" ಎಂದಳು. ಅವನು ತಗ್ಗಿದ ದನಿಯಲ್ಲಿ, "ಹೊಸದು ಮೊದ್ಲು ಹಿಡಿಯಲ್ಲ, ಗಾಬರಿ ಆಗ್ಬೇಡ ಅಂತ ನಾನೇ ಹೇಳಿದೀನಿ ಆಂಟಿ. ಹಿಡೀದೇ ಇದ್ರೂ ಹಂಗೇ ಅಂದ್ಕೊಂಡು ಇಳಿಸ್ಬಿಡ್ತಾಳೆ. ನೀವು ಫೋನ್ ಮಾಡ್ತಾ ಇರಿ, ನಾನ್ ಬಂದೆ" ಎಂದ.

ಚಿಕ್ಕಗಂಗಮ್ಮ ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಶಿವಾನಿಗೆ ಮಾಡಿದಳು. ಅದೂ ರಿಂಗಾಯಿತು. ಇಬ್ಬರೂ ಫೋನನ್ನು ಸೈಲೆಂಟ್ ಮಾಡಿ ಬ್ಯಾಗಿನಲ್ಲಿಟ್ಟು ಬ್ಯಾಗನ್ನು ವ್ಯಾನಿನಲ್ಲೇ ಬಿಟ್ಟು ಹತ್ತುತ್ತಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡುತ್ತಲೇ ಇದ್ದಳು. ಕೈಗೆ ಅಂಟಿದ್ದ ಎಣ್ಣೆಗೆ ಫೋನಿನ ಗಾಜು ಜಾರುತ್ತಿತ್ತು. ಸೀರೆಯ ಸೆರಗಿಗೆ ಕೈ ಒರೆಸಿದಳು, ಮತ್ತೆ ಒರೆಸಿದಳು. ಎಷ್ಟು ಒರೆಸಿದರೂ ಕೊಬ್ಬರಿ ಎಣ್ಣೆಯ ವಾಸನೆ ಹೋಗಲಿಲ್ಲ.

ಮೋಹನ್ ಕುಮಾರ್ ಸ್ಕೂಟರಿನಲ್ಲಿ ಬಂದಾಗ ಎಂಟೂವರೆ. ಅವಳು ಮನೆಗೆ ಬೀಗ ಹಾಕಿದ್ದೂ ನೆನಪಿಲ್ಲದೆ ಹಿಂದೆ ಹತ್ತಿ ಕೂತಳು. ನಾಗರಭಾವಿ ದಾಟಿತು, ಉಲ್ಲಾಳು ಬಂತು. ಕೊಮ್ಮಘಟ್ಟದ ರಸ್ತೆಯಲ್ಲಿ ಹಾಲಿನ ವ್ಯಾನೊಂದು ಅಡ್ಡ ನಿಂತು ಎರಡು ನಿಮಿಷ ಹಾಳು ಮಾಡಿತು. ಆ ಎರಡು ನಿಮಿಷದಲ್ಲಿ ಚಿಕ್ಕಗಂಗಮ್ಮ ಮಗಳು ಬೀಳುವುದನ್ನು ಕಣ್ಣಾರೆ ಕಂಡಳು. ಒಂದು ಸಲವಲ್ಲ, ಬೇರೆಬೇರೆ ರೀತಿಯಲ್ಲಿ. ಬಂಡೆಗೆ ಬಡಿದಂತೆ, ತಲೆ ಕೆಳಗಾದಂತೆ, ಕರೆದರೆ ಓಗೊಡದಂತೆ.

"ಬರಿ ಸ್ವಲ್ಪ ಸವರಿದ್ದೆ ಕಣಪ್ಪಾ. ಒರೆಸ್ಕೊಂಡು ಹೋಗಿರುತ್ತೆ, ಅಲ್ವಾ?" ಎಂದು ಅವನ ಬೆನ್ನಿಗೆ ಹೇಳಿದಳು.

"ಸ್ವಲ್ಪ ಸಾಕು ಆಂಟಿ" ಎಂದ ಅವನು. ಸುಳ್ಳು ಹೇಳಲು ಬಾರದ ಅವನ ಮೇಲೆ ಅವಳಿಗೆ ಕೆಟ್ಟ ಸಿಟ್ಟು ಬಂತು. ಆ ಸಿಟ್ಟಿಗೆ ಅರ್ಥವಿಲ್ಲವೆಂದೂ ಗೊತ್ತಿತ್ತು. ತಾನು ಬಾಗಿಲಲ್ಲಿ ಮುಖ ತಿರುಗಿಸಿ ನಿಲ್ಲದಿದ್ದರೆ, ಬಾಯಿಬಿಟ್ಟು ಇದೇನಪ್ಪಾ ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಊರಲ್ಲಿರುವ ಸೈಕಲ್ಲೆಲ್ಲ ಬದಲಾದರೂ ತನ್ನ ಕೈಯ ಎಣ್ಣೆ ಬದಲಾಗಬೇಕಿಲ್ಲ ಎಂದುಕೊಂಡಿದ್ದಳಲ್ಲ, ಆ ಸೊಕ್ಕು ಈಗ ಮಗಳ ಜೊತೆ ಗುಡ್ಡ ಹತ್ತಿತ್ತು.

ಗುಡ್ಡದ ಬುಡ ಮುಟ್ಟಿದಾಗ ಒಂಬತ್ತು ದಾಟಿ ಐದು ನಿಮಿಷ. ಬೇವಿನ ಮರದ ಕೆಳಗೆ ಪಿಕಪ್ ವ್ಯಾನು ನಿಂತಿತ್ತು. ಅದರ ಪಕ್ಕದಲ್ಲಿ, ನೀರಿನ ಬಾಟಲಿ ಹಿಡಿದು, ನೆಟ್ಟಗೆ ಎರಡು ಕಾಲ ಮೇಲೆ ಅನು ನಿಂತಿದ್ದಳು.

ಸ್ಕೂಟರು ನಿಲ್ಲುವ ಮುಂಚೆಯೇ ಚಿಕ್ಕಗಂಗಮ್ಮ ಇಳಿದು ಮುಗ್ಗರಿಸಿದಳು. ಓಡಿ ಹೋಗಿ ಮಗಳ ಮುಖ, ತೋಳು, ತಲೆ ಎಲ್ಲವನ್ನೂ ಮುಟ್ಟಿ ನೋಡಿದಳು.

"ಅಮ್ಮ? ಇಲ್ಯಾಕ್ ಬಂದೆ? ಏನಾಯ್ತು?"

"ಸೈಕಲ್ಲೆಲ್ಲಿ?"

"ಶಿವಾನಿ ಹತ್ರ. ಅವಳದು ವ್ಯಾನಿಂದ ಇಳಿಸಿದ್ ಕೂಡ್ಲೇ ಮುಳ್ಳು ಚುಚ್ಚಿ ಪಂಕ್ಚರ್. ಅವಳದೊಂದೇ ಹಳೇ ಸೈಕಲ್ಲು, ಟ್ಯೂಬಿರೋದು. ನಮ್ಮದ್ಯಾವ್ದಕ್ಕೂ ಟ್ಯೂಬೇ ಇಲ್ವಲ್ಲ, ಯಾರ ಹತ್ರಾನೂ ಸಿಗ್ಲಿಲ್ಲ. ಪಾಪ, ವಾರವೆಲ್ಲ ಕಾದಿರ್ತಾಳೆ ಅಂತ ನಂದೇ ಕೊಟ್ಟೆ, ಹೊಸ ಬ್ರೇಕು ಮೊದ್ಲು ಹಿಡಿಯಲ್ಲ ಅಂತಾನೂ ಹೇಳಿದೀನಿ."

ಚಿಕ್ಕಗಂಗಮ್ಮನಿಗೆ ಆಗ ಸಂತೋಷವಾಯಿತು. ಮುಚ್ಚಿಡುವುದೇಕೆ, ಸಂತೋಷವೇ ಆಯಿತು. ಸದ್ಯ, ನನ್ನ ಮಗಳಲ್ಲ ಎಂದು ಮೈಯೆಲ್ಲ ಹಗುರಾಗಿ ನಿಟ್ಟುಸಿರು ಬಂತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಆ ಹೊತ್ತಿಗೆ ಮೋಹನ್ ಕುಮಾರ್ ಗುಡ್ಡದ ಕಡೆ ಓಡಲು ಶುರುಮಾಡಿದ್ದ, "ನಿಲ್ಸಿ! ಅವಳನ್ನ ಬಿಡ್ಬೇಡಿ!" ಎಂದು ಕೂಗುತ್ತಿದ್ದ. ತಾನು ಸಂತೋಷಪಟ್ಟಿದ್ದು ಯಾವುದಕ್ಕೆ ಎಂದು ಚಿಕ್ಕಗಂಗಮ್ಮನಿಗೆ ಆಗ ಹೊಳೆಯಿತು. ಆ ಸೈಕಲ್ಲಿನ ಮೇಲಿರುವವಳು ಶಾಂತವ್ವನ ಮಗಳು; ಆ ಶಾಂತವ್ವ ಅಮಾವಾಸ್ಯೆಗೊಮ್ಮೆ ಕಟ್ಟಿ ಕೊಡುವ ರೊಟ್ಟಿಯನ್ನು ತನ್ನ ಮನೆ ತಿಂದಿದೆ.

ಅವಳೂ ಓಡಿದಳು. ಐವತ್ತಾರು ವರ್ಷದ ಮಂಡಿಗಳು ಬೇಡವೆಂದರೂ ಓಡಿದಳು. ಅನು ಹಿಂದಿನಿಂದ ಅಮ್ಮ, ಅಮ್ಮ ಎನ್ನುತ್ತ ಬಂದಳು. ಸೈಕಲ್ಲು ಇಳಿಯುವ ದಾರಿ ಗುಡ್ಡದ ಮೈಗೆ ಅಂಟಿಕೊಂಡು ತಿರುತಿರುಗಿ ಬರುತ್ತದೆ. ಅದರ ಕೊನೆಯ ತಿರುವಿನಲ್ಲಿ, ಒಂದು ಪಕ್ಕ ಲಾಂಟಾನದ ಮುಳ್ಳುಪೊದೆ, ಇನ್ನೊಂದು ಪಕ್ಕ ಎಂದೋ ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿ. ಕೆಳಗೆ ಹಸಿರುಗಟ್ಟಿದ ನೀರು. ಅಲ್ಲಿಯವರೆಗೆ ಹತ್ತುವುದರೊಳಗೆ ಚಿಕ್ಕಗಂಗಮ್ಮನಿಗೆ ದಮ್ಮು ಸಾಲದಾಯಿತು. ಮೋಹನ್ ಕುಮಾರ್ ಇನ್ನೂ ಮೇಲೆ, ಕಾಲುದಾರಿಯಲ್ಲಿ, ಕೈ ಬೀಸುತ್ತ ಹತ್ತುತ್ತಿದ್ದ.

ಮೇಲೆ, ಇಳಿಯಲು ಬಿಡುವ ಸೀಟಿ ಊದಿದರು.

ಮೊದಲು ಕೇಳಿಸಿದ್ದು ಸದ್ದು. ಎಣ್ಣೆ ಕುಡಿದ ಬ್ರೇಕು ಊಳಿಡುವ ಸದ್ದು. ಅಂಥದ್ದನ್ನು ಚಿಕ್ಕಗಂಗಮ್ಮ ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಆಮೇಲೆ ಬಂಡೆಯ ಹಿಂದಿನಿಂದ ಶಿವಾನಿ ಕಂಡಳು. ಎರಡೂ ಕೈಯಲ್ಲಿ ಬ್ರೇಕು ಅವುಚಿ ಹಿಡಿದಿದ್ದಳು, ಸೈಕಲ್ಲು ಕೇಳುತ್ತಿರಲಿಲ್ಲ. ಒಂದು ಕಾಲು ನೆಲಕ್ಕೆ ಊರಲು ನೋಡಿದಳು, ಕಾಲು ಜಾರಿ ಮೇಲೆ ಬಂತು.

ಚಿಕ್ಕಗಂಗಮ್ಮ ದಾರಿಯ ನಡುವೆ, ಕ್ವಾರಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹಿಡಿಯಬೇಕು, ತಡೆಯಬೇಕು, ಅಡ್ಡ ಬೀಳಬೇಕು ಎಂದು ಎರಡೂ ಕೈ ಚಾಚಿದ್ದಳು.

"ಸರೀರಿ ಆಂಟೀ! ಬ್ರೇಕಿಲ್ಲ, ಸರೀರಿ!"

ಅವಳು ಸರಿದಳು.

ಸರಿಯಬೇಕೆಂದು ನಿರ್ಧರಿಸಿದ್ದಲ್ಲ, ಕಾಲು ತಾವೇ ಸರಿದವು. ಜೀವಕ್ಕೆ ಹೆದರಿದ ಮೈ ಗುಡ್ಡದ ಕಡೆಗೆ ಹಾರಿ ಒರಗಿಕೊಂಡಿತು. ಶಿವಾನಿ ಅವಳ ಸೆರಗನ್ನು ಸವರುವಷ್ಟು ಹತ್ತಿರದಲ್ಲಿ ದಾಟಿದಳು. ಕ್ವಾರಿಯ ಅಂಚಿಗೆ ಇನ್ನು ಎರಡು ಗಾಲಿಯುದ್ದ ಇರುವಾಗ ಹ್ಯಾಂಡಲ್ಲನ್ನು ಒಂದೇ ಏಟಿಗೆ ಎಳೆದು ತನ್ನನ್ನು ತಾನೇ ಪೊದೆಗೆ ಎಸೆದುಕೊಂಡಳು. ಹೊಸ ಸೈಕಲ್ಲು ಮಾತ್ರ ಮುಂದಕ್ಕೆ ಹೋಯಿತು. ನೀರಿಗೆ ಬಿದ್ದ ಸದ್ದು ಸ್ವಲ್ಪ ತಡವಾಗಿ ಕೇಳಿಸಿತು.

ಪೊದೆಯಲ್ಲಿ ಅಲುಗಾಟವಿರಲಿಲ್ಲ. ಚಿಕ್ಕಗಂಗಮ್ಮನಿಗೆ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಹೋದದ್ದು ಅನು. ಮುಳ್ಳಿನ ನಡುವೆ ಕೈ ಹಾಕಿ "ಶಿವಾ, ಶಿವಾ" ಎಂದು ಕರೆದಳು. ನಾಲ್ಕನೇ ಸಲಕ್ಕೆ ಒಂದು ನರಳಿಕೆ ಬಂತು. ಅಷ್ಟು ಕೇಳಿದ ಮೇಲೆಯೇ ಚಿಕ್ಕಗಂಗಮ್ಮ ಪೊದೆಯ ಹತ್ತಿರ ಹೋದಳು.

ಎತ್ತಿ ವ್ಯಾನಿನಲ್ಲಿ ಮಲಗಿಸಿದರು. ಹೆಗಲ ಮುಂದಿನ ಮೂಳೆ ಮುರಿದು ಊದಿಕೊಂಡಿತ್ತು, ತುಟಿ ಒಡೆದಿತ್ತು, ಮುಖದ ತುಂಬ ಮುಳ್ಳು ಗೀರಿದ ಗುರುತು. ಜೊತೆಗಾರರಲ್ಲೊಬ್ಬ ಮೋಹನ್ ಕುಮಾರನ ಮೇಲೆ ಎಗರಿದ. "ಎಂಥಾ ಬ್ರೇಕ್ ಗುರು ನೀನು ಕೊಟ್ಟಿರೋದು? ನಿನ್ನೆ ತಗೊಂಡಿರೋ ಸೈಕಲ್ಲು!" ಮೋಹನ್ ಕುಮಾರ್ ಚಿಕ್ಕಗಂಗಮ್ಮನ ಕಡೆ ಒಮ್ಮೆ ನೋಡಿ, ಹೋಗಿ ಡ್ರೈವರಿನ ಪಕ್ಕ ಕೂತ. ನಿಜ ಅವನ ಬಾಯಿಂದಲೇ ಬಂದಿದ್ದರೆ ಒಳ್ಳೆಯದಿತ್ತು ಎಂದುಕೊಂಡಳು ಅವಳು. ಅವನು ಅವಳಿಗೇ ಬಿಟ್ಟಿದ್ದ.

ವ್ಯಾನು ಕೆಂಗೇರಿಯ ಕಡೆ ಹೊರಟಿತು. ಶಿವಾನಿಯ ತಲೆ ಚಿಕ್ಕಗಂಗಮ್ಮನ ತೊಡೆಯ ಮೇಲಿತ್ತು. ಹೊಂಡ ಬಂದಾಗಲೆಲ್ಲ ಹುಡುಗಿ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿಯುತ್ತಿದ್ದಳು. ಒಮ್ಮೆ ಕಣ್ಣು ಬಿಟ್ಟು, "ನೀವು ಸರಿದಿದ್ದು ಚೊಲೋ ಆತ್ರಿ ಆಂಟಿ. ಇಲ್ಲಾಂದ್ರ ನಿಮ್ಮನ್ನೂ ಕರ್ಕೊಂಡು ಕೆಳಗ ಹೋಗ್ತಿದ್ದೆ" ಎಂದಳು. "ಅನುನ ಸೈಕಲ್ ಕಳದ್ನ್ರಿ, ಬೈಬ್ಯಾಡ್ರಿ."

ಚಿಕ್ಕಗಂಗಮ್ಮನಿಗೆ ಅಳು ಉಕ್ಕಿ ಬಂತು. ಎದುರು ಕೂತಿದ್ದ ಅನುವಿಗೆ, ಹುಡುಗಿಯ ತಲೆಯ ಮೇಲಿಂದಲೇ, ಇದ್ದದ್ದನ್ನು ಇದ್ದಂತೆ ಹೇಳಿದಳು. ಅನು ತಾಯಿಯ ಕೈಯನ್ನು ನೋಡಿದಳು, ಶಿವಾನಿಯನ್ನು ನೋಡಿದಳು. ಆಮೇಲೆ, "ಶಾಂತವ್ವ ಆಂಟಿಗೆ ಯಾರ್ ಹೇಳ್ತಾರೆ?" ಎಂದು ಕೇಳಿದಳು.

ಚಿಕ್ಕಗಂಗಮ್ಮ ಫೋನ್ ತೆಗೆದಳು.

"ಹೇಳ್ರೀ ಅಕ್ಕಾರ" ಎಂದಿತು ಶಾಂತವ್ವನ ಎಂದಿನ ದನಿ. ಹಿಂದೆ ರೊಟ್ಟಿ ಬಡಿಯುವ ಸದ್ದು.

"ಶಾಂತವ್ವ, ಶಿವಾನಿ ಸೈಕಲ್ಲಿಂದ ಬಿದ್ದವ್ಳೆ. ಜೀವಕ್ಕೇನಿಲ್ಲ, ಮಾತಾಡ್ತಾವ್ಳೆ. ಹೆಗಲ ಮೂಳೆ ಮುರಿದೈತೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಇದೀವಿ."

ರೊಟ್ಟಿಯ ಸದ್ದು ನಿಂತಿತು. "ನಮ್ಮವ್ವಾ! ಹೆಂಗ ಬಿದ್ದಳ್ರೀ?"

"ನನ್ನಿಂದ. ಅನು ಹೊಸ ಸೈಕಲ್ಲಿನ ಬ್ರೇಕಿಗೆ ನಾನು ಎಣ್ಣೆ ಹಚ್ಚಿದ್ದೆ."

ಶಾಂತವ್ವ ಅಳುತ್ತಿದ್ದಳು. ಅಳುತ್ತಲೇ ಚಿಕ್ಕಗಂಗಮ್ಮನನ್ನು ಸಮಾಧಾನ ಮಾಡತೊಡಗಿದಳು. "ಎಣ್ಣಿ ಹಚ್ಚೂದು ಚೊಲೋನ ಅಲ್ಲೇನ್ರೀ ಅಕ್ಕಾರ? ಹೊಸಾದಕ್ಕ ಎಲ್ಲಾರೂ ಹಚ್ತಾರ. ಅದರಾಗ ನಿಮ್ಮ ತಪ್ಪೇನೈತಿ? ನನ್ನ ಮಗಳ ನಸೀಬ. ನೀವು ಅಳಬ್ಯಾಡ್ರೀ, ನೀವಿದ್ದೀರಂತ ನನಗ ಧೈರ್ಯ ಐತಿ."

ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಹೂಂ ಎಂದರೆ ಮುಗಿಯುತ್ತಿತ್ತು. ತಾನು ಹೇಳಿಯಾಗಿದೆ, ಆಕೆಗೆ ತಿಳಿಯದಿದ್ದರೆ ತಾನೇನು ಮಾಡಲಿ ಎಂದು ಇಡೀ ಜನ್ಮ ಮನಸ್ಸಿಗೆ ಹೇಳಿಕೊಳ್ಳಬಹುದಾಗಿತ್ತು. ಕ್ವಾರಿಯ ಅಂಚಿನಲ್ಲಿ ಆಗದಷ್ಟು ಹೆದರಿಕೆ ಚಿಕ್ಕಗಂಗಮ್ಮನಿಗೆ ಆಗ ಆಯಿತು. ಅವಳು ಶಿವಾನಿಯ ಕೂದಲಲ್ಲಿ ಸಿಕ್ಕಿದ್ದ ಒಂದು ಮುಳ್ಳನ್ನು ಬಿಡಿಸಿದಳು.

"ಕೇಳು ಶಾಂತವ್ವ. ಈಗಿನ ಸೈಕಲ್ಲು ಹಂಗಲ್ಲ. ನಾನು ಹಚ್ಚಿದ ಜಾಗಕ್ಕೆ ಎಣ್ಣೆ ಮುಟ್ಟಿಸ್ಲೇಬಾರ್ದು. ಮುಟ್ಟಿಸಿದ್ರೆ ಬ್ರೇಕು ಹಿಡಿಯಲ್ಲ. ನಂಗದು ಗೊತ್ತಿರ್ಲಿಲ್ಲ. ಕೇಳಿದ್ರೆ ಅಂಗಡಿಯವ್ನು ಹೇಳ್ತಿದ್ದ, ನಾನು ಕೇಳ್ಲಿಲ್ಲ. ಅವಳ ನಸೀಬಲ್ಲ ಇದು. ಬ್ರೇಕು ಕೆಡಿಸಿ ಕೊಟ್ಟಿದ್ದು ನಾನು."

ಆ ಕಡೆ ಒಲೆ ಆರಿಸಿದ ಸದ್ದಾಯಿತು.

"ಯಾವ ಆಸ್ಪತ್ರಿ?" ಎಂದಳು ಶಾಂತವ್ವ. ಅಕ್ಕಾರ ಎನ್ನಲಿಲ್ಲ, ಅಳುತ್ತಲೂ ಇರಲಿಲ್ಲ.

ಚಿಕ್ಕಗಂಗಮ್ಮ ಆಸ್ಪತ್ರೆಯ ಹೆಸರು ಹೇಳಿದಳು.